ಅವರ ನಂಬಿಕೆ, ನನ್ನ ಹೆಸರು

ನಮ್ಮ ಹಳೆಯ ಹೋಟೆಲಿನ ಫ್ರಂಟ್ ಆಫೀಸ್ ಮ್ಯಾನೇಜರ್ ಕತಾರ್ ಬಿಟ್ಟು ಊರಿಗೆ ಹೋದರಂತೆ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಕಿರಾಣಿ ಅಂಗಡಿಯಲ್ಲಿ ಜೋಳದ ಹಿಟ್ಟಿಗಾಗಿ ನಿಂತಿದ್ದಾಗ, ಆ ಹೋಟೆಲಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಉಳ್ಳಾಲದ ಬ್ಯಾರಿ ಮುಸಲ್ಮಾನರೊಬ್ಬರು ಸಿಕ್ಕಿ ಸುದ್ದಿ ಹೇಳಿದರು.

"ಮೊನ್ನೆ ಸೆಂಡಾಫ್ ಇತ್ತು. ಎಲ್ಲ ಮತದವರನ್ನೂ ಒಂದೇ ಕಣ್ಣಲ್ಲಿ ನೋಡಿದ ಮನುಷ್ಯ ಅಂತ ಭಾಷಣ ಮಾಡಿದ್ರು. ನಾನೂ ಎರಡು ಮಾತು ಹೇಳಿದೆ. ನಿಮ್ಮನ್ನು ಕರೀಲಿಲ್ವಾ?" ಎಂದರು. ಕೇಳಿದ ಮೇಲೆ ಅವರಿಗೇ ಮುಜುಗರವಾಗಿ, ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಮತ್ತೆ ಮತ್ತೆ ತಿರುಗಿಸಿ ನೋಡತೊಡಗಿದರು.

ಆ ಭಾಷಣಗಳು ಸುಳ್ಳಲ್ಲ. ನನ್ನ ಸಂಕಟ ಇರುವುದೇ ಅಲ್ಲಿ. ಪೂರಾ ಕೆಟ್ಟ ಮನುಷ್ಯನೊಬ್ಬ ನನಗೆ ಮೋಸ ಮಾಡಿದ್ದರೆ ಎಂದೋ ಮರೆತು ಹಾಯಾಗಿ ಇರುತ್ತಿದ್ದೆ.

ನಾನು ಗದಗಿನ ಕಡೆಯವಳು. ನಮ್ಮ ಯಜಮಾನರು ಇಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸೈಟ್ ಇಂಜಿನಿಯರ್. ಮದುವೆಯಾಗಿ ಬಂದವಳು ಫ್ಲ್ಯಾಟಿನಲ್ಲಿ ಕೂತು ಕೂತು ಬೇಸತ್ತು, ಅಲ್ ಥುಮಾಮಾ ಕಡೆಯ ಹೋಟೆಲ್ ಒಂದಕ್ಕೆ ರಿಸೆಪ್ಷನ್ ಕೆಲಸ ಕೇಳಿಕೊಂಡು ಹೋದೆ. ಸಂದರ್ಶನ ಮಾಡಿದವರು ಈ ಮ್ಯಾನೇಜರೇ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಅಗತ್ಯಕ್ಕಿಂತ ಹೆಚ್ಚು ಕಪ್ಪಾಗಿಸಿದ ತಲೆಗೂದಲು. ಇಂಗ್ಲಿಷಿನಲ್ಲಿ ನನ್ನ ನಾಲಿಗೆ ತಡವರಿಸುತ್ತಿತ್ತು. ಅವರು ನನ್ನ ಊರಿನ ಹೆಸರು ಕೇಳಿದವರೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಗದಗಾ? ಕನ್ನಡವಾ? ಅಲ್ಲ ಮಾರಾಯ್ತಿ, ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ? ನಾನು ಮಂಗಳೂರು. ಮೊದಲು ಬೆವರು ಒರೆಸ್ಕೋ. ಈಗ ಕನ್ನಡದಲ್ಲೇ ಹೇಳು. ಒಬ್ಬ ಗೆಸ್ಟ್ ಸಿಟ್ಟಿನಲ್ಲಿ ಕೂಗಾಡಿಕೊಂಡು ಬಂದಿದ್ದಾನೆ. ಎಂತ ಮಾಡ್ತಿ?"

"ಮೊದಲ ಕೂಡಸ್ತೀನ್ರಿ ಸರ್. ನೀರ್ ಕೊಡ್ತೀನಿ. ನಿಂತಾವ್ರ ಸಿಟ್ಟು ಇಳಿಯೂದಿಲ್ರಿ."

ಅವರು ದೊಡ್ಡದಾಗಿ ನಕ್ಕರು. "ಇಂಗ್ಲಿಷ್ ನಾನು ಕಲಿಸ್ತೇನೆ. ಇದನ್ನು ಕಲಿಸ್ಲಿಕ್ಕೆ ನನಗೆ ಬರುದಿಲ್ಲ," ಎಂದರು.

ಹೇಳಿದಂತೆ ಕಲಿಸಿದರು. ಫೋನ್ ಎತ್ತುವ ಮೊದಲು ಒಮ್ಮೆ ಉಸಿರು ಎಳೆದುಕೊಳ್ಳಬೇಕು, ಅತಿಥಿಯ ಹೆಸರನ್ನು ಅವನ ತಾಯಿ ಕರೆಯುವಂತೆ ಸರಿಯಾಗಿ ಉಚ್ಚರಿಸಬೇಕು, ಕೀ ಕಾರ್ಡನ್ನು ಕೌಂಟರಿನ ಮೇಲೆ ಜಾರಿಸದೆ ಕೈಯಿಂದ ಕೈಗೆ ಕೊಡಬೇಕು. ಅವರಂತೂ ಕೊಡುವ ಮೊದಲು ಕಾರ್ಡನ್ನು ತಮ್ಮ ಕರವಸ್ತ್ರದಿಂದ ಒರೆಸುತ್ತಿದ್ದರು. ಕೌಂಟರಿನ ಹಿಂದೆ ಕೂತದ್ದನ್ನು ನಾನು ನೋಡಲೇ ಇಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಕೊಂಕಣಿ ಭಕ್ತಿಗೀತೆಯೊಂದನ್ನು ಮೂಗಿನಲ್ಲೇ ಗುನುಗುತ್ತಿದ್ದರು. ನನ್ನನ್ನು 'ನೀನು' ಎನ್ನುತ್ತಿದ್ದರು. ಸಿಟ್ಟು ಬಂದರೆ ಮಾತ್ರ 'ನೀವು'. ಬಹುವಚನ ಕಿವಿಗೆ ಬಿತ್ತೆಂದರೆ ಇಡೀ ರಿಸೆಪ್ಷನ್ ನೆಟ್ಟಗೆ ನಿಲ್ಲುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲೇ ನನ್ನ ಹಣೆಯ ತಕರಾರು ಎದ್ದಿತು. ಮದುವೆಗೆ ಮೊದಲಿನಿಂದಲೂ ನಾನು ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುವವಳು. ಸಿಬ್ಬಂದಿಯ ಉಡುಪು ನೋಡಿಕೊಳ್ಳುವ ಅಧಿಕಾರಿ, ಹಣೆಯ ಮೇಲೆ ಏನೂ ಇರಕೂಡದು ಎಂದು ಟಿಶ್ಯೂ ಪೇಪರ್ ಮುಂದೆ ಹಿಡಿದ. ನಾನು ಒರೆಸಿಕೊಳ್ಳಲು ಹೊರಟಿದ್ದೆ. ಇವರು ನನ್ನ ಕೈ ತಡೆದು, ನನ್ನನ್ನೂ ಕರೆದುಕೊಂಡು ಜನರಲ್ ಮ್ಯಾನೇಜರ್ ಕೋಣೆಗೇ ನಡೆದರು. ಆ ಜನರಲ್ ಮ್ಯಾನೇಜರ್ ಯುರೋಪಿನ ಹೆಣ್ಣುಮಗಳು, ಮಾತಿಗಿಂತ ಮೌನವೇ ಹೆಚ್ಚು. ಇವರು ತಮ್ಮ ಎದೆ ಮುಟ್ಟಿಕೊಂಡು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಮೇಡಂ, ನನ್ನ ಶಿಲುಬೆ ಶರ್ಟಿನ ಒಳಗೆ ಅಡಗುತ್ತದೆ. ಹಣೆಯನ್ನು ಇವಳು ಎಲ್ಲಿ ಅಡಗಿಸಬೇಕು?"

ತೆಳುವಾದ ಒಂದು ಎಳೆ ವಿಭೂತಿಗೆ ಒಪ್ಪಿಗೆ ಸಿಕ್ಕಿತು. ಅಂದು ಮನೆಗೆ ಹೋಗಿ ಯಜಮಾನರ ಮುಂದೆ ಹೇಳಿಕೊಂಡು ಅತ್ತೆ. ಪರದೇಶದಲ್ಲಿ ನನ್ನ ಪರವಾಗಿ ಒಬ್ಬರು ವಾದ ಮಾಡಿದ್ದು ಅದೇ ಮೊದಲು.

ಅಂಗಡಿಯಲ್ಲಿ ಸಿಕ್ಕ ಬ್ಯಾರಿ ಸಹೋದ್ಯೋಗಿ ಸೆಂಡಾಫ್‌ನಲ್ಲಿ ಹೇಳಿದ್ದು ಬಿಯರ್ ಟ್ರೇ ಕಥೆಯಂತೆ. ಅದು ನಡೆದಾಗ ನಾನೂ ಅಲ್ಲಿದ್ದೆ. ರೂಮ್ ಸರ್ವಿಸ್‌ನಲ್ಲಿದ್ದ ಅವರು, ಮದ್ಯ ಮಾತ್ರ ಕೈಯಿಂದ ಮುಟ್ಟಲಾರೆ ಎಂದಿದ್ದರು. ಸೂಪರ್‌ವೈಸರ್ "ಮುಟ್ಟದಿದ್ದರೆ ಖಲಾಸ್, ನಾಳೆಯಿಂದ ಬರಬೇಡ" ಎಂದು ಗದರಿಸುತ್ತಿದ್ದ. ನಮ್ಮ ಸರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು, ಕೋಟಿನ ಗುಂಡಿ ಹಾಕಿ ಟ್ರೇ ಎತ್ತಿಕೊಂಡು ಲಿಫ್ಟ್ ಹತ್ತಿದರು. ಇಳಿದು ಬಂದ ಮೇಲೆ ಸೂಪರ್‌ವೈಸರ್‌ಗೆ ಹೇಳಿದ್ದು ಇಷ್ಟೇ: "ಒಬ್ಬನ ನಂಬಿಕೆಗೆ ಮರ್ಯಾದೆ ಕೊಡುವುದು ಅಂದರೆ ಆ ಟ್ರೇಯನ್ನು ಬೇರೆ ಯಾರಾದರೂ ಹೊರಬೇಕು. ಇನ್ನು ನನ್ನನ್ನು ಕರೆ."

ಹೊಸದಾಗಿ ಮದುವೆಯಾದವರು ಬಂದರೆ ನಮ್ಮ ಸರ್‌ಗೆ ಹಬ್ಬ. ಹಾಸಿಗೆಯ ಮೇಲೆ ಹೂವು, ಮೇಜಿನ ಮೇಲೆ ಕೇಕು ಇಡುವುದು ಹೋಟೆಲಿನ ಪದ್ಧತಿ. ಆದರೆ ಕೀಯನ್ನು ನಮ್ಮ ಕೈಯಿಂದ ಕೊಡಿಸುತ್ತಿರಲಿಲ್ಲ. ತಾವೇ ಬಂದು, ಕಾರ್ಡ್ ಒರೆಸಿ, ಗಂಡಹೆಂಡಿರ ಕೈಗಳನ್ನು ಕೂಡಿಸಿ ಅದರಲ್ಲಿಟ್ಟು "ದೇವರು ಒಳ್ಳೆಯದು ಮಾಡಲಿ" ಎನ್ನುತ್ತಿದ್ದರು. ಕೇರಳದವರು, ಫಿಲಿಪೀನ್ಸಿನವರು, ಲೆಬನಾನಿನವರು, ಯಾರೇ ಇರಲಿ ಅದೇ ಮಾತು. ಅವರ ಪಾಲಿಗೆ ಅದು ಬರೀ ಕೀ ಆಗಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ತಡವಾಗಿ.

ಆಮೇಲೆ ಆ ದೊಡ್ಡ ಫುಟ್‌ಬಾಲ್ ಪಂದ್ಯಾವಳಿ ಬಂತು. ಇಡೀ ದೋಹಾ ಬಣ್ಣ ಬಳಿದುಕೊಂಡು ನಿಂತಿತು. ಈ ದೇಶದ ಕಾನೂನು ಗಂಡಸು ಗಂಡಸು ಸಂಸಾರ ಮಾಡುವುದನ್ನು ಒಪ್ಪುವುದಿಲ್ಲ. ಆದರೆ ಪಂದ್ಯ ನೋಡಲು ಬರುವ ಯಾರನ್ನೂ ಬಾಗಿಲಿಂದ ಕಳಿಸಕೂಡದು, ಜೋಡಿ ಎಂಥದು ಎಂದು ಕೇಳಕೂಡದು ಎಂದು ನಮ್ಮ ಹೋಟೆಲ್ ನಡೆಸುವ ವಿದೇಶಿ ಕಂಪನಿ ನಿಯಮ ಮಾಡಿತು. ಅದನ್ನು ನಮಗೆಲ್ಲ ಕೂಡಿಸಿ ತಿಳಿಸಿ ಹೇಳಿದವರೂ ಇವರೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇವರು ನಗಲಿಲ್ಲ.

"ನಾವು ಕೀ ಕೊಡುವವರು, ಸರ್ಟಿಫಿಕೇಟ್ ಕೊಡುವವರಲ್ಲ. ಬುಕಿಂಗ್ ನೋಡಿ, ಹಾಸಿಗೆ ನೋಡಬೇಡಿ," ಎಂದರು. ಹೇಳುವಾಗ ಮಾತ್ರ ನಮ್ಮ ಯಾರ ಮುಖವನ್ನೂ ನೋಡದೆ, ಗೋಡೆಯ ಮೇಲಿನ ಏಸಿಯನ್ನು ನೋಡುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೂ ಇದು ಹೊಸದೇ. ನಮ್ಮ ಕಡೆ ಇಂಥ ವಿಷಯ ಬಾಯಿಬಿಟ್ಟು ಆಡುವವರಿಲ್ಲ, ಆಡಿದರೂ ಗೇಲಿ ಮಾಡಲಿಕ್ಕೇ. ಆದರೆ ನನ್ನ ಹಣೆಗೆ ಜಾಗ ಕೊಟ್ಟ ಕೌಂಟರಿನಲ್ಲಿ ಮತ್ತೊಬ್ಬರಿಗೆ ಜಾಗವಿಲ್ಲ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ.

ಅವರಿಬ್ಬರು ಬಂದದ್ದು ಒಂದು ಮಧ್ಯಾಹ್ನ. ಇಬ್ಬರೂ ನಡುವಯಸ್ಸು ದಾಟಿದವರು. ಒಬ್ಬರು ತೆಳ್ಳಗೆ ಎತ್ತರ, ಇನ್ನೊಬ್ಬರ ಮೂಗು ಬಿಸಿಲಿಗೆ ಟೊಮೆಟೊ ಆಗಿತ್ತು. ಇಬ್ಬರ ಕೊರಳಲ್ಲೂ ತಮ್ಮ ದೇಶದ ತಂಡದ ಬಣ್ಣದ ಶಾಲು. ಬುಕಿಂಗಿನಲ್ಲಿ ಒಂದೇ ಹಾಸಿಗೆಯ ಕೋಣೆ, ಪಕ್ಕದಲ್ಲಿ 'ಹೊಸದಾಗಿ ಮದುವೆಯಾದವರು' ಎಂಬ ಗುರುತು. ಅದನ್ನು ನೋಡಿ ಹೌಸ್‌ಕೀಪಿಂಗಿನವರು ಬೆಳಿಗ್ಗೆಯೇ ಹೂವು ಹರಡಿ ಕೇಕ್ ಇಟ್ಟಿದ್ದರು. ನಾನು ಖರ್ಜೂರ, ಇಲ್ಲಿನ ಗಹ್ವಾ ಕಾಫಿ ಕೊಟ್ಟು ಕೂಡಿಸಿದೆ. ಟೊಮೆಟೊ ಮೂಗಿನವರು ಮೂರನೆಯ ಖರ್ಜೂರಕ್ಕೆ ಕೈ ಹಾಕಿದಾಗ ಎತ್ತರದವರು ಕೈಗೆ ಮೆಲ್ಲಗೆ ಹೊಡೆದರು. ಸಕ್ಕರೆ ಕಾಯಿಲೆ ಇರಬೇಕು. ನಮ್ಮ ಮನೆಯಲ್ಲಿ ಅವ್ವ ಅಪ್ಪನ ಕೈಗೆ ಹಾಗೇ ಹೊಡೆಯುತ್ತಿದ್ದಳು. ನನಗೆ ನಗು ಬಂತು, ಮುಜುಗರ ಅಲ್ಲಿಗೇ ಹೋಯಿತು.

ಮದುವೆಯಾದವರು ಬಂದಿದ್ದಾರೆ ಎಂದು ಪದ್ಧತಿಯಂತೆ ಸರ್‌ಗೆ ಫೋನ್ ಮಾಡಿದೆ. ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಮುಖದ ತುಂಬ ನಗು ಹೊತ್ತು ಬಂದರು. ಸೋಫಾದ ಮೇಲೆ ಕೂತವರನ್ನು ನೋಡಿದರು. ಕೈ ಗುಂಡಿಯ ಮೇಲೇ ಉಳಿಯಿತು. ಆಮೇಲೆ ಬಹಳ ನಯವಾಗಿ, ಕೋಣೆಯ ಏಸಿಯಿಂದ ನೀರು ಸೋರುತ್ತಿದೆ, ಬೇರೆ ಕೋಣೆ ಖಾಲಿಯಿಲ್ಲ, ಇನ್ನೊಂದು ಹೋಟೆಲಿಗೆ ನಾವೇ ಟ್ಯಾಕ್ಸಿ ಮಾಡಿಕೊಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎತ್ತರದವರು "ನೀರು ಬೆಳಿಗ್ಗೆಯಿಂದ ಸೋರುತ್ತಿದೆಯೋ, ಈಗ ಸೋರಲು ಶುರುವಾಯಿತೋ?" ಎಂದು ಕೇಳಿದರು. ಸರ್ ಟ್ಯಾಕ್ಸಿಗೆಂದು ಫೋನ್ ಎತ್ತಿದರು. ಇಬ್ಬರೂ ತಮ್ಮ ಪೆಟ್ಟಿಗೆ ತಾವೇ ಎಳೆದುಕೊಂಡು ಹೋದರು.

"ಸರ್, ರೂಮ್ ರೆಡಿ ಐತಲ್ರಿ?" ಎಂದೆ.

"ಗೊತ್ತುಂಟು."

"ಮತ್ಯಾಕ್ರಿ?"

ಅವರು ಒಳಗಿನ ಕೋಣೆಗೆ ಹೋಗಿ, ಎಂದೂ ಕೂರದವರು ಕುರ್ಚಿಯಲ್ಲಿ ಕೂತರು. "ನನ್ನಿಂದ ಆಗುದಿಲ್ಲ ಮಾರಾಯ್ತಿ. ಆ ಕೀ ಕೊಟ್ಟು, ದೇವರ ಹೆಸರು ಹೇಳಿ ಹರಸಿ, ಶುಕ್ರವಾರ ಯಾವ ಮುಖ ಇಟ್ಟುಕೊಂಡು ಚರ್ಚಿಗೆ, ಪೂಜೆಗೆ ಹೋಗ್ಲಿ?"

"ನಾ ಕೊಡ್ತಿದ್ನಲ್ರಿ ಸರ್. ನೀವು ಒಳಗ ಇದ್ದಿದ್ರ ಸಾಕಾಗಿತ್ತು. ಅವತ್ತು ಆ ಟ್ರೇ ನೀವು ಹೊತ್ರಿ, ಇವತ್ತು ಈ ಕೀ ನಾ ಹೊರ್ತಿದ್ದೆ."

"ಅದು ಬೇರೆ. ನಾನು ನಿಂತ ಜಾಗದಲ್ಲಿ ನೀನು ಕೊಟ್ಟರೂ ನಾನು ಕೊಟ್ಟ ಹಾಗೇ." ನನ್ನ ಮುಖ ನೋಡಿ ಮತ್ತೆ ಹೇಳಿದರು: "ನೀನು ಹೆದರಬೇಡ. ಯಾರು ಕೇಳಿದರೂ ನಾನೇ ಕಳಿಸಿದ್ದು ಅಂತ ಹೇಳ್ತೇನೆ. ನನ್ನ ನಂಬಿಕೆ, ನನ್ನ ತಲೆ."

ಅವರು ಮಾಡಿದ್ದು ನನಗೆ ಸರಿ ಕಾಣಲಿಲ್ಲ. ದೂರದಿಂದ ಬಂದವರನ್ನು, ಕಾದಿರಿಸಿದ ಕೋಣೆ ಇಟ್ಟುಕೊಂಡು, ಸುಳ್ಳು ಹೇಳಿ ಬೀದಿಗೆ ಕಳಿಸಿದ್ದು ಸರಿಯಲ್ಲ. ಆದರೂ ಆ ಕಡೆಯ ಮಾತಿಗೆ ನನ್ನ ಮನಸ್ಸಿನಲ್ಲಿ ಅವರು ಮತ್ತೆ ಎದ್ದು ನಿಂತರು. ತನ್ನ ನಂಬಿಕೆಯ ನಷ್ಟವನ್ನು ತಾನೇ ಹೊರುತ್ತೇನೆ ಎನ್ನುವವನ ಜೊತೆ ಜಗಳ ಆಡಬಹುದು, ಅವನನ್ನು ಕೀಳಾಗಿ ನೋಡಲಾಗುವುದಿಲ್ಲ.

ರಿಸೆಪ್ಷನ್ನಿನಿಂದ ತಮ್ಮನ್ನು ಹೊರಗೆ ಕಳಿಸಿದರೆಂದು, ಯಾರೆಂದು ಹೆಸರಿಸದೆ, ಆ ಇಬ್ಬರಿಂದ ಕಂಪನಿಗೆ ದೂರು ಬಂತು. ಜನರಲ್ ಮ್ಯಾನೇಜರ್ ನನ್ನನ್ನು ಕರೆಸಿದಾಗ ಸರ್ ಆಗಲೇ ಅಲ್ಲಿದ್ದರು. ನಾನು ನಿಂತೇ ಇದ್ದೆ. ಇವರು ನನ್ನ ಕಡೆ ತಿರುಗದೆ ಮಾತು ಮುಂದುವರಿಸಿದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಚೆನ್ನಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

"ಮೇಡಂ, ಇವಳು ತುಂಬ ದೈವಭಕ್ತೆ. ನೀವೇ ನೋಡಿದ್ದೀರಿ, ದಿನಾ ಹಣೆಗೆ ಬೂದಿ ಹಚ್ಚಿಕೊಂಡು ಬರುತ್ತಾಳೆ. ಸಣ್ಣ ಊರಿನವಳು. ಇವಳ ಧರ್ಮದಲ್ಲಿ ಇದನ್ನು ಒಪ್ಪುವುದು ಕಷ್ಟ. ತಬ್ಬಿಬ್ಬಾಗಿ ನನ್ನನ್ನು ಕರೆದಳು, ನಾನು ಹೇಗೋ ಸಂಭಾಳಿಸಿದೆ. ನಿಯಮ ದೊಡ್ಡದೇ. ಆದರೆ ನಂಬಿಕೆಯ ಸ್ವಾತಂತ್ರ್ಯವೂ ಒಂದು ಹಕ್ಕು. ಇವಳನ್ನು ಕೆಲಸದಿಂದ ತೆಗೆಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ."

ನಿಜವಾಗಿ ಕೈ ಮುಗಿದರು.

ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. "ನಾನಲ್ಲ ಮೇಡಂ. ನಾನು ಕೀ ಕೊಡಲು ತಯಾರಿದ್ದೆ. ಕಳಿಸಿದ್ದು ಸರ್," ಎಂದೆ. ಅವರೇ ಕಲಿಸಿದ ಇಂಗ್ಲಿಷಿನಲ್ಲಿ ಹೇಳಿದೆ.

ಇವರು ನಿಟ್ಟುಸಿರು ಬಿಟ್ಟು, "ಭಯಪಟ್ಟಿದ್ದಾಳೆ ಮೇಡಂ," ಎಂದರು. ಆ ದನಿಯಲ್ಲಿ ಎಂಥ ಮಮತೆ ಇತ್ತೆಂದರೆ, ಹೊರಗಿನವಳಾಗಿದ್ದರೆ ನಾನೂ ನಂಬುತ್ತಿದ್ದೆ. ಕ್ಯಾಮೆರಾ ನೋಡಿ ಎಂದೆ. ಅದರಲ್ಲಿ ಮಾತು ಕೇಳಿಸುವುದಿಲ್ಲ ಎಂದರು ಮೇಡಂ. ಹೊರಗೆ ಪತ್ರಿಕೆಯವರ ದಂಡೇ ಬೀಡುಬಿಟ್ಟಿದ್ದ ದಿನಗಳು. ಮೇಡಂಗೆ ವಿಷಯ ಅಂದೇ ಮುಗಿಯಬೇಕಾಗಿತ್ತು, ಯಾರ ಹೆಸರಿನಲ್ಲಿ ಮುಗಿದರೂ ನಡೆಯುತ್ತಿತ್ತು. ನನ್ನನ್ನು ಕ್ಷಮಿಸಲಾಗಿದೆ ಎಂದರು. ನಾನು ಹೋಗಿ ಆ ಇಬ್ಬರಲ್ಲಿ ತಪ್ಪೊಪ್ಪಿಕೊಂಡು ಬರಬೇಕು, ನಾಳೆಯಿಂದ ಕೆಳಗೆ ಲಾಂಡ್ರಿ ವಿಭಾಗದಲ್ಲಿರಬೇಕು, ಅತಿಥಿಗಳ ಎದುರಿಗೆ ಬರಕೂಡದು.

ಕೋಣೆಯಿಂದ ಹೊರಗೆ ಬಂದ ಮೇಲೆ ಇವರು ನನಗೆ ಕರವಸ್ತ್ರ ಚಾಚಿ, "ನೀವು ಅಳಬೇಡಿ," ಎಂದರು. 'ನೀವು' ಎಂದಿದ್ದರು. ನಾನು ಕರವಸ್ತ್ರ ಮುಟ್ಟಲಿಲ್ಲ.

ಮನೆಯಲ್ಲಿ ಯಜಮಾನರಿಗೆ ಹೇಳಿದರೆ, ಅವರು ಊಟದ ತಟ್ಟೆ ಸರಿಸಿದರು. "ಇಲ್ಲಿ ಜಗಳಾ ತಗದ್ರ ನಾವ ಹೊರಗ ಹೋಗ್ತೀವಿ. ಸುಮ್ನ ಬಿಟ್ಟು ಬಾ," ಎಂದರು. ಮತ್ತೆ, "ನಿನ್ನ ಹಣಿ ತೋರ್ಸಿ ಹೇಳಿದ್ನಾ?" ಎಂದು ಕೇಳಿದರು. ಹೂಂ ಎಂದೆ. ಅವರೂ ಆಮೇಲೆ ಉಣ್ಣಲಿಲ್ಲ.

ಹೋಟೆಲಿನ ಕೇಕ್ ಹಿಡಿದುಕೊಂಡು ಆ ಇಬ್ಬರು ಇಳಿದುಕೊಂಡಿದ್ದ ಕಡೆ ಹೋದೆ. ಬಾಗಿಲು ತೆಗೆದವರು ಎತ್ತರದವರು. ಬಾಯಿಪಾಠ ಮಾಡಿಸಿ ಕಳಿಸಿದ್ದ ವಾಕ್ಯ ಶುರು ಮಾಡಿದೆ: ನನ್ನ ವೈಯಕ್ತಿಕ ಧಾರ್ಮಿಕ ನಂಬಿಕೆಯಿಂದಾಗಿ ನಿಮಗೆ ನೋವಾಗಿದ್ದರೆ... ಅವರು ಕೈಯೆತ್ತಿ ತಡೆದರು.

"ನೀನಲ್ಲ. ನೀನು ಖರ್ಜೂರ ಕೊಟ್ಟವಳು," ಎಂದರು.

ಅಷ್ಟು ಸಾಕಾಯಿತು. ಆ ಪರಕೀಯರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ನಡೆದದ್ದನ್ನೆಲ್ಲ ಕೇಳಿ ಟೊಮೆಟೊ ಮೂಗಿನವರು ಕೆಂಡವಾದರು. ಅಲ್ಲಿಂದಲೇ ನಮ್ಮ ಮೇಡಂಗೆ ಫೋನ್ ಮಾಡಿ, ನಮ್ಮನ್ನು ಕಳಿಸಿದ್ದು ಈ ಹೆಣ್ಣುಮಗಳಲ್ಲ, ಆ ಗಂಡಸು, ಎಂದು ಹೇಳಿದರು. ಮೇಡಂ ಬಹಳ ವಿನಯದಿಂದ ಧನ್ಯವಾದ ಹೇಳಿ, ವಿಷಯ ಈಗಾಗಲೇ ಮುಗಿದಿದೆ ಎಂದರಂತೆ. ಫೋನಿಟ್ಟು ಅವರು ಕೇಕ್ ಕತ್ತರಿಸಿ ನನಗೂ ಒಂದು ತುಂಡು ಕೊಟ್ಟರು. ಇಪ್ಪತ್ತು ವರ್ಷ ಜೊತೆಗಿದ್ದು ಆ ಬೇಸಿಗೆಯಲ್ಲಿ ಮದುವೆಯಾಗಿದ್ದರಂತೆ. ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಇದು: ನನ್ನನ್ನು ಎರಡು ಗಳಿಗೆ ನೋಡಿದವರು ನನ್ನ ಪರ ನಿಂತರು, ವರ್ಷಗಟ್ಟಲೆ ನೋಡಿದವರು ನಿಲ್ಲಲಿಲ್ಲ.

ಪಂದ್ಯಾವಳಿ ಮುಗಿಯಿತು. ಶಾಲಿನವರು, ಬಾವುಟದವರು ವಿಮಾನ ಹತ್ತಿದರು. ಆ ನಿಯಮದ ಮಾತನ್ನು ಹೋಟೆಲಿನಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಕೆಲವೇ ವಾರ ಬದುಕಿದ ನಿಯಮವನ್ನು ಮುರಿದವಳು ಎಂಬ ಹೆಸರು ಮಾತ್ರ ನನಗೆ ಉಳಿಯಿತು. ಲಾಂಡ್ರಿಯಲ್ಲಿ ಕೆಲವು ದಿನ ಇದ್ದು ರಾಜೀನಾಮೆ ಕೊಟ್ಟೆ. ಈಗ ಕ್ಲಿನಿಕ್ ಒಂದರಲ್ಲಿ ಟೋಕನ್ ಕೊಡುತ್ತೇನೆ.

ಕೆಲಸ ಬಿಡುವ ಮೊದಲು ಒಮ್ಮೆ ನಮ್ಮ ಸರ್ ಅನ್ನು ಹೋಟೆಲಿನ ಹೊರಗೆ ಕಾಣಬೇಕೆನಿಸಿತು. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಆ ದಿನ ಅಬು ಹಮೂರ್‌ಗೆ ಹೋಗಿ, ಚರ್ಚುಗಳಿರುವ ಆವರಣದ ಗೇಟಿನ ಹೊರಗೆ ನಿಂತೆ. ಪೂಜೆ ಮುಗಿಸಿ ಜನ ಹೊಳೆಯಂತೆ ಹೊರಬಂದರು. ಇಸ್ತ್ರಿ ಅಂಗಿಯ ಮಕ್ಕಳು, ಸೀರೆಯುಟ್ಟ ಮಂಗಳೂರಿನ ಹೆಂಗಸರು, ಎಲ್ಲರ ಮುಖದಲ್ಲೂ ರಜೆಯ ಕಳೆ. ಇವರು ಹೆಂಡತಿಯ ಜೊತೆ ಬಂದರು. ನನ್ನನ್ನು ಕಂಡು, ಹೆಂಡತಿಗೆ ಕಾರಿನ ಕಡೆ ನಡೆಯಲು ಹೇಳಿದರು.

"ಇಲ್ಲಿ ಬೇಡ," ಎಂದರು.

"ಇಲ್ಲೇ ಬೇಕ್ರಿ ಸರ್. ಒಂದ ಮಾತು. ನಿಮ್ಮ ತಲಿ ಮ್ಯಾಲ ತಗೋತೀನಿ ಅಂದಿದ್ರಿ. ಯಾಕ್ ಹಂಗ್ ಮಾಡಿದ್ರಿ?"

ಅವರು ಸುಳ್ಳು ಹೇಳಲಿಲ್ಲ. "ನನ್ನ ಮೇಲೆ ಬಂದಿದ್ದರೆ ಅದೇ ದಿನ ಮನೆಗೆ. ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೆ? ಮಗಳು ಓದ್ತಾ ಇದ್ದಾಳೆ. ನಿನಗೆ ಗಂಡ ಉಂಟು, ಅವನ ವೀಸಾ ಉಂಟು. ನೀನು ಹುಡುಗಿ, ನಿನ್ನನ್ನು ಕ್ಷಮಿಸ್ತಾರೆ ಅಂತ ನನಗೆ ಗೊತ್ತಿತ್ತು. ಕ್ಷಮಿಸಿದ್ರಲ್ಲ?"

"ನಾ ಏನ್ ಮಾಡೀನಂತ ಕ್ಷಮಿಸಿದ್ರು ಅವ್ರು?"

ಅವರು ಕರವಸ್ತ್ರ ತೆಗೆದು ಕಾರಿನ ಕೀ ಒರೆಸತೊಡಗಿದರು.

"ನಿಮಗ ಆಗೂದಿಲ್ಲ ಅಂದ್ರ ನೀವು ಹಿಂದ ಸರೀಬೇಕಿತ್ರಿ. ಇಲ್ಲಾ, ಹೌದು ನಾನ ಕಳಿಸಿದ್ದು ಅಂತ ಎದಿ ಕೊಟ್ಟು ನಿಲ್ಲಬೇಕಿತ್ತು. ನಿಮ್ಮ ನಂಬಿಕಿನೂ ಉಳೀಬೇಕು, ನಿಮ್ಮ ನೌಕರಿನೂ ಉಳೀಬೇಕು, ನಡುವ ನನ್ನ ಧರ್ಮಾ ತಂದು ಅಡ್ಡ ಇಟ್ರಿ. ನಮ್ಮ ಧರ್ಮದಾಗ ಏನೈತಿ ಅಂತ ನನ್ನ ಒಂದ ಸಲಾನೂ ಕೇಳಲಿಲ್ಲ."

ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಸರ್ ಕಣ್ಣು ತುಂಬಿತ್ತು. ಅದು ನಾಟಕವಲ್ಲ ಎಂದು ಇಂದಿಗೂ ನಂಬುತ್ತೇನೆ.

"ದಿನಾ ನಿನಗಾಗಿ ಪ್ರಾರ್ಥನೆ ಮಾಡ್ತೇನೆ," ಎಂದರು. "ಇವತ್ತೂ ಒಳಗೆ ನಿನ್ನ ಹೆಸರು ಹೇಳಿ ಬಂದೆ."

"ನನ್ನ ಹೆಸರು ಬ್ಯಾಡ್ರಿ ಸರ್," ಎಂದೆ. "ಮೇಡಂ ಮುಂದ ಹೇಳಿದ್ದು ಸಾಕಾತು. ಅಲ್ಲಿ ದೇವ್ರ ಮುಂದಾದ್ರೂ ನಿಮ್ಮ ಹೆಸರು ಹೇಳ್ರಿ."

ಅವರ ಬಲಗೈ ಮೇಲೆದ್ದು ಅರ್ಧದಲ್ಲೇ ನಿಂತಿತು. ನನ್ನ ತಲೆಯ ಮೇಲೆ ಇಡಲು ಎತ್ತಿದ್ದರೋ, ತಮ್ಮ ಎದೆಗೆ ಶಿಲುಬೆಯ ಗುರುತು ಹಾಕಿಕೊಳ್ಳಲು ಎತ್ತಿದ್ದರೋ ತಿಳಿಯಲಿಲ್ಲ. ತಿಳಿಯುವವರೆಗೆ ನಾನು ನಿಲ್ಲಲಿಲ್ಲ.